ವಿಶ್ವಸಂಸ್ಥೆಗೆ ನಾವೆಷ್ಟು ಕೊಡಬೇಕು ಅಂತ ಯಾರು ಹೇಳುತ್ತಾರೆ?

ಟೊಮೆಟೊಮಂಡಿ_ಕೋಲಾರ: ಬೆಳಿಗ್ಗೆ ಮಂಡಿಯಲ್ಲಿ ಕ್ರೇಟು ಇಳಿಸುತ್ತಾ ಇದೇ ವಾದ. ಸರ್ಕಾರ ಮನಸ್ಸಿಗೆ ಬಂದಷ್ಟು ಕೊಡುತ್ತದಾ?

ಮಾಲೂರು_ಹುಡುಗ: ಇಲ್ಲಪ್ಪ. ಊರಹಬ್ಬದ ವಂತಿಗೆ ಇದ್ದ ಹಾಗೆ, ಜಮೀನು ಜಾಸ್ತಿ ಇದ್ದವರಿಗೆ ಜಾಸ್ತಿ. ದೇಶದ ಆದಾಯ, ಸಾಲ, ತಲಾ ಆದಾಯ ನೋಡಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ, ಅಂದ್ರೆ ಎಲ್ಲ ಸದಸ್ಯ ದೇಶಗಳೂ ಕೂರುವ ಸಭೆ, 3 ವರ್ಷಕ್ಕೊಮ್ಮೆ ಪಾಲು ಹಾಕುತ್ತದೆ. ಮಾಮೂಲಿ ಬಜೆಟ್‌ನಲ್ಲಿ ಒಂದು ದೇಶದ ಪಾಲು ಗರಿಷ್ಠ 22%, ಅದು ಅಮೆರಿಕಕ್ಕೆ ಬಿದ್ದಿದೆ. ನಮ್ಮದು 1% ಚಿಲ್ಲರೆ.

ಬಂಗಾರಪೇಟೆ_ಪ್ಯಾಸೆಂಜರ್: ಆ ಪಾಲು ಕಡ್ಡಾಯ. ವಿದೇಶಾಂಗ ಸಚಿವಾಲಯದ ಬಜೆಟ್‌ನಲ್ಲಿ ಬರುತ್ತದೆ, ಸಂಸತ್ತು ಒಪ್ಪಬೇಕು. 2 ವರ್ಷದ ಪಾಲಿನಷ್ಟು ಬಾಕಿ ಉಳಿಸಿಕೊಂಡರೆ ಸಾಮಾನ್ಯ ಸಭೆಯಲ್ಲಿ ಮತ ಹಾಕುವ ಹಕ್ಕೇ ಹೋಗಬಹುದು. ವಿಶ್ವಸಂಸ್ಥೆಯ ಮಕ್ಕಳ ನಿಧಿ ಯುನಿಸೆಫ್‌ನಂಥದ್ದಕ್ಕೆ ಕೊಡುವುದು ಬೇರೆ, ಅದು ಸ್ವಂತ ಇಷ್ಟ, ಅಲ್ಲಿ ಸ್ನೇಹ, ರಾಜಕೀಯ, ಖಜಾನೆ ಎಲ್ಲಾ ಲೆಕ್ಕಕ್ಕೆ ಬರುತ್ತದೆ.

ಟೊಮೆಟೊಮಂಡಿ_ಕೋಲಾರ: ಅಂದ್ರೆ ವಂತಿಗೆ ಕೊಡದವರಿಗೆ ಅರಳಿಕಟ್ಟೆಯಲ್ಲಿ ಮಾತಿಲ್ಲ ಅನ್ನಿ. ನಮ್ಮೂರಲ್ಲಿ ಕೊಡದವರದ್ದೇ ಮಾತು ಜಾಸ್ತಿ!