ಕಾಲೇಜು ಫುಟ್‌ಬಾಲ್ ರಿಕ್ರೂಟ್‌ಗಳ ಚರ್ಚೆ: ಮಾಡರೇಟರ್ ಗೆರೆ ಎಳೆಯೋದು ಎಲ್ಲಿ?

ಎಂಡ್‌ಝೋನ್_ರಘು
ಅಮೆರಿಕದ ಒಂದು ಕಾಲೇಜು ಫುಟ್‌ಬಾಲ್ ತಂಡದ ಆನ್‌ಲೈನ್ ಅಭಿಮಾನಿ ಬಳಗಕ್ಕೆ ನಿಯಮ ಬರೆಯಬೇಕಿದೆ. ಡಿಸೆಂಬರ್‌ನಲ್ಲಿ ಆಟಗಾರರು ಕಾಲೇಜು ಸೇರೋಕೆ ಸಹಿ ಹಾಕೋ ದಿನಗಳು ಶುರುವಾಗೋ ಮುಂಚೆ ಮುಗಿಸಬೇಕು. ಸದಸ್ಯರು ರಿಕ್ರೂಟ್‌ಗೆ, ಅಂದರೆ ಕಾಲೇಜು ತಂಡಗಳು ಸೇರಿಸಿಕೊಳ್ಳೋಕೆ ನೋಡ್ತಿರೋ ಹೈಸ್ಕೂಲ್ ಆಟಗಾರನಿಗೆ, ನೇರವಾಗಿ "ನಮ್ಮ ಕಾಲೇಜಿಗೇ ಬಾ" ಅಂತ ಬರೆದರೆ ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ) ನಿಯಮ ಮುರಿದಂತೆ ಆಗುತ್ತಾ? ಇನ್ನೊಂದು, ಕಮಿಟ್ ಆದ, ಅಂದರೆ ನಿಮ್ಮಲ್ಲಿಗೇ ಬರ್ತೀನಿ ಅಂತ ಹೇಳಿದ ಹುಡುಗ ಮನಸ್ಸು ಬದಲಿಸಿದ ರಾತ್ರಿ ಬೈಗುಳದ ಮಳೆ ಸುರಿಯುತ್ತಲ್ಲ, ಅದಕ್ಕೇನು ಮಾಡೋದು?

ರೂಲ್‌ಬುಕ್_ರಂಗಣ್ಣ
ರಘು ಅವರೇ, ಹುಡುಗನ ಬಗ್ಗೆ ಮಾತಾಡೋದು ಬೇರೆ, ಹುಡುಗನ ಹತ್ತಿರ ಮಾತಾಡೋದು ಬೇರೆ. ಮೊದಲನೆಯದಕ್ಕೆ ಯಾರ ಅಡ್ಡಿಯೂ ಇಲ್ಲ. ಎರಡನೆಯದರಲ್ಲಿ "ಬೂಸ್ಟರ್" ಅನ್ನೋ ಪದ ಬರುತ್ತೆ. ಕ್ರೀಡಾ ವಿಭಾಗಕ್ಕೆ ದೇಣಿಗೆ ಕೊಟ್ಟವರು, ಬೂಸ್ಟರ್ ಕ್ಲಬ್ ಸದಸ್ಯರು, ಆಟಗಾರರಿಗೆ ಕೆಲಸ ಕೊಟ್ಟವರು ಎಲ್ಲ ಇದರಲ್ಲಿ ಸೇರ್ತಾರೆ. ಒಮ್ಮೆ ಬೂಸ್ಟರ್ ಆದರೆ ಕೊನೇವರೆಗೂ ಬೂಸ್ಟರ್. ಅಂಥವರು ರಿಕ್ರೂಟ್‌ನ ಓಲೈಸಿದರೆ ತಪ್ಪು ಕಾಲೇಜಿನ ತಲೆಗೇ ಬರುತ್ತೆ. ಅಡ್ಡಹೆಸರಿನ ಹಿಂದೆ ಕೂತ ಸದಸ್ಯ ಬೂಸ್ಟರೋ ಅಲ್ಲವೋ ನಿಮಗೆ ತಿಳಿಯೋ ದಾರಿ ಇಲ್ಲ, ಹಾಗಾಗಿ ನಿಯಮ ಎಲ್ಲರಿಗೂ ಒಂದೇ ಇರಲಿ.

ಕಾಲೇಜುಗಳು ಇದನ್ನ ಹಗುರವಾಗಿ ತಗೊಳ್ಳಲ್ಲ. 2009ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಜಾನ್ ವಾಲ್‌ನ ಕರೆಯೋಕೆ ಫೇಸ್‌ಬುಕ್ ಗುಂಪು ಮಾಡಿದ ವಿದ್ಯಾರ್ಥಿಗೆ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಎಚ್ಚರಿಕೆ ಪತ್ರ ಕಳಿಸಿತ್ತು. ವಾಲ್ ಕೊನೆಗೆ ಕೆಂಟಕಿಗೆ ಹೋದ, ಅದು ಬೇರೆ ಮಾತು. ಕೋಚ್‌ಗಳಿಗೇ 2016ರ ಆಗಸ್ಟ್‌ನಲ್ಲಿ ಸಿಕ್ಕಿದ್ದು ರಿಕ್ರೂಟ್‌ನ ಪೋಸ್ಟ್ ಲೈಕ್, ಶೇರ್ ಮಾಡೋ ಅನುಮತಿ ಅಷ್ಟೇ, ಕಾಮೆಂಟ್ ಬರೆಯೋಕಲ್ಲ.

ಥ್ರೆಡ್_ತಿಮ್ಮ
ನಿಯಮ ಸರಿ, ಎಡವೋದು ಕೆಲಸ ಮಾಡೋವಾಗ.

ರಿಕ್ರೂಟ್‌ನ ಖಾತೆಗೆ ಲಿಂಕ್ ಹಾಕೋದನ್ನೇ ಫಿಲ್ಟರ್‌ನಲ್ಲಿ ತಡೀರಿ. ಅವನ ಪೋಸ್ಟ್ ಇಲ್ಲೇ ತೆರೆದುಕೊಂಡರೆ ಒಂದೇ ಕ್ಲಿಕ್‌ನಲ್ಲಿ ಜನ ಅಲ್ಲಿಗೆ ಹೋಗಿ ಉತ್ತರ ಬರೀತಾರೆ. ಹ್ಯಾಂಡಲ್ ಮಸುಕು ಮಾಡಿದ ಸ್ಕ್ರೀನ್‌ಶಾಟ್ ಸಾಕು. ಒಬ್ಬ ರಿಕ್ರೂಟ್‌ಗೆ ಒಂದೇ ಥ್ರೆಡ್. ಐದು ಕಡೆ ಚರ್ಚೆ ಹರಡಿದರೆ ಬೈಗುಳ ಆರನೇ ಕಡೆ ಇರುತ್ತೆ.

ಡಿಕಮಿಟ್ (ಕೊಟ್ಟ ಮಾತು ಹಿಂತೆಗೆದ) ಸುದ್ದಿ ಬಂದ ಕೂಡಲೇ ಆ ಥ್ರೆಡ್‌ಗೆ ಬೀಗ ಹಾಕಿ, ಒಂದು ಸಾಲಿನ ಸುದ್ದಿಯೊಂದಿಗೆ ಹೊಸದು ತೆರೆದು ನಿಧಾನಗತಿ ಹಾಕಿ: ಒಬ್ಬರಿಗೆ ಹತ್ತು ನಿಮಿಷಕ್ಕೆ ಒಂದು ಪೋಸ್ಟ್. ಹೊಸ ಖಾತೆಗಳ ಪೋಸ್ಟ್ ಒಪ್ಪಿಗೆ ಸಿಗೋವರೆಗೆ ತಡೆದಿಡಿ. ಎದುರಾಳಿ ತಂಡದವರು ಕಿಡಿ ಹಚ್ಚೋಕೆ ಬರೋದು ಆ ರಾತ್ರಿಯೇ.

ಅಳಿಸೋದರಲ್ಲೂ ಒಂದು ಮೋಸ ಇದೆ. "ಆ ಹುಡುಗನ ಮಾರ್ಕ್ಸ್ ಸಾಲಲ್ಲ" ಅಂತ ಯಾರೋ ಬರೆದ್ರು, ನೀವು ಅಳಿಸಿದ್ರಿ ಅಂದ್ಕೊಳ್ಳಿ. ಅದನ್ನ ಕೋಟ್ ಮಾಡಿದ ಉತ್ತರಗಳಲ್ಲಿ ಮಾತು ಹಾಗೇ ಉಳಿದಿರುತ್ತೆ. ಶೀರ್ಷಿಕೆ ತಿದ್ದಿದರೂ ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ವಿಳಾಸದ ಸಾಲಿನಲ್ಲಿ ಹಳೇ ಶೀರ್ಷಿಕೆಯೇ ಕೂತಿರುತ್ತೆ. ನೋಟಿಫಿಕೇಶನ್ ಇಮೇಲ್ ಅಂತೂ ಆಗಲೇ ಹೋಗಿರುತ್ತೆ. ಅದಕ್ಕೇ ಮೊದಲು ಸಮಯ, ಲಿಂಕ್ ಸಮೇತ ಸ್ಕ್ರೀನ್‌ಶಾಟ್ ಎತ್ತಿಡಿ, ಆಮೇಲೆ ಮೂಲ ಪೋಸ್ಟ್ ಮರೆಮಾಡಿ, ಅದರಲ್ಲಿನ ವಿಶಿಷ್ಟ ಪದ ಹುಡುಕಿ ಕೋಟ್‌ಗಳನ್ನೂ ತೆಗೀರಿ. ಬೆದರಿಕೆ ಇದ್ದರೆ ಸ್ಕ್ರೀನ್‌ಶಾಟ್ ಪೊಲೀಸರಿಗೂ ಕಾಲೇಜಿನ ಕಂಪ್ಲಯನ್ಸ್ (ನಿಯಮಪಾಲನೆ) ಕಚೇರಿಗೂ ಹೋಗಬೇಕು.

ಮಾರ್ಕ್ಸ್, ಗಾಯ, ಮನೆ ವಿಷಯ ನಿಜವೇ ಆಗಿದ್ದರೂ ಬೇಡ. ಹುಡುಗರು ಹದಿನಾರು ಹದಿನೇಳರವರು. ಅಂಥ ಒಂದು ಸಾಲಿನ ಸ್ಕ್ರೀನ್‌ಶಾಟ್ ಎದುರಾಳಿ ಕೋಚ್ ಕೈಯಿಂದ ಹುಡುಗನ ಅಮ್ಮನ ಫೋನಿಗೆ ಹೋಗೋಕೆ ಎರಡು ನಿಮಿಷ ಸಾಕು. ಅದೇ ಹೈಸ್ಕೂಲಿನ ಮುಂದಿನ ವರ್ಷದ ರಿಕ್ರೂಟ್ ಕೂಡ ಓದ್ತಾನೆ.

ಗ್ಯಾಲರಿ_ಗುಂಡ
ಇವೆಲ್ಲ ಹಳೇ ಕಥೆ ಅಲ್ವಾ? 2021ರ ಜುಲೈನಿಂದ ಎನ್‌ಐಎಲ್ (ಆಟಗಾರರು ತಮ್ಮ ಹೆಸರು, ಚಿತ್ರದಿಂದ ದುಡ್ಡು ಮಾಡೋ ಅವಕಾಶ) ಇದೆ, ಅಭಿಮಾನಿಗಳು ಹಣ ಸೇರಿಸಿ ನಡೆಸೋ ಕಲೆಕ್ಟಿವ್‌ಗಳೇ ಆಟಗಾರರಿಗೆ ದುಡ್ಡು ಕೊಡ್ತಿವೆ. ಒಂದು ಟ್ವೀಟ್‌ಗೆ ಯಾರು ತಲೆ ಕೆಡಿಸಿಕೊಳ್ತಾರೆ?

ರೂಲ್‌ಬುಕ್_ರಂಗಣ್ಣ
ಅರ್ಧ ಸರಿ. ಟೆನ್ನೆಸ್ಸೀ, ವರ್ಜೀನಿಯಾ ರಾಜ್ಯಗಳು ಹೂಡಿದ ದಾವೆಯಲ್ಲಿ 2024ರ ಫೆಬ್ರವರಿಯಲ್ಲಿ ಫೆಡರಲ್ ಕೋರ್ಟ್ ತಡೆ ಕೊಟ್ಟಿದ್ದು, ಕಾಲೇಜು ಆರಿಸೋ ಮುಂಚೆ ಎನ್‌ಐಎಲ್ ವ್ಯವಹಾರ ಮಾತಾಡಬಾರದು ಅನ್ನೋ ನಿಯಮಕ್ಕೆ. ಕಂಡಕಂಡವರು ಹುಡುಗನ ಇನ್‌ಬಾಕ್ಸ್‌ಗೆ ನುಗ್ಗಬಹುದು ಅಂತ ಅದರ ಅರ್ಥ ಅಲ್ಲ. ಬೇರೆ ಕಾಲೇಜಲ್ಲಿ ಆಡ್ತಿರೋ ಆಟಗಾರನ ವಿಷಯದಲ್ಲಂತೂ ಇನ್ನೂ ಹುಷಾರು: ಅವನ ಹೆಸರು ಟ್ರಾನ್ಸ್‌ಫರ್ ಪೋರ್ಟಲ್‌ಗೆ (ಕಾಲೇಜು ಬದಲಿಸೋರ ಪಟ್ಟಿಗೆ) ಬರೋ ಮುಂಚೆ ಕಾಲೇಜಿನ ಪರವಾಗಿ ಸಂಪರ್ಕಿಸಿದರೆ ಅದು ಟ್ಯಾಂಪರಿಂಗ್, ಅಂದರೆ ನಿಯಮ ಮೀರಿ ಸೆಳೆಯೋದು.

ಮತ್ತೆ, ಕಮಿಟ್ ಅನ್ನೋದು ಬಾಯಿಮಾತು. ಸಹಿ ಬೀಳೋವರೆಗೆ ಹುಡುಗನಿಗೂ ಕಟ್ಟುಪಾಡಿಲ್ಲ, ಕಾಲೇಜಿಗೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ (ಕಾಲೇಜು ಸೇರ್ತೀನಿ ಅಂತ ಸಹಿ ಹಾಕ್ತಿದ್ದ ಪತ್ರ) ಕೈಬಿಟ್ಟ ಮೇಲೆ ಸಹಿ ಅಂದರೆ ಆರ್ಥಿಕ ನೆರವಿನ ಒಪ್ಪಂದದ ಮೇಲಿನ ಸಹಿ. ಈ ಎರಡು ಸಾಲನ್ನ ಪ್ರತಿ ರಿಕ್ರೂಟ್ ಥ್ರೆಡ್‌ನ ತಲೆಯಲ್ಲೇ ಅಂಟಿಸಿಡಿ. "ಮೋಸಗಾರ" ಅಂತ ಬರೆಯೋಕೆ ಬಂದವರಿಗೆ ಅದನ್ನೇ ತೋರಿಸಬಹುದು.

ಎಂಡ್‌ಝೋನ್_ರಘು
ತಿಮ್ಮ ಅವರೇ, ಹತ್ತು ನಿಮಿಷದ ಮಿತಿ ಎಷ್ಟು ಹೊತ್ತು ಇರಬೇಕು?

ಥ್ರೆಡ್_ತಿಮ್ಮ
ಮಾರನೇ ದಿನ ಮಧ್ಯಾಹ್ನದವರೆಗೆ. ಬೆಳಿಗ್ಗೆ ಎದ್ದು ಫೋನ್ ನೋಡೋರ ಎರಡನೇ ಅಲೆ ಒಂದು ಬರುತ್ತೆ, ಅದು ಇಳಿದ ಮೇಲೆ ತೆಗೀರಿ.