ಹುಣಸೆಮರದ ಮನೆ ಗ್ರೂಪಲ್ಲಿ ಕಿರಣ ಒಂದು ಮರದ ಬೊಡ್ಡೆ ಕೇಳಿದ ಕತೆ

ನಮ್ಮ ಫ್ಯಾಮಿಲಿ ಗ್ರೂಪಿನ ಹೆಸರು ‘ಹುಣಸೆಮರದ ಮನೆ’. ಮರ ಈಗಿಲ್ಲ. ನಿನ್ನೆ ರಾತ್ರಿ ನಡೆದದ್ದನ್ನು, ಯಾರಾದರೂ ಡಿಲೀಟ್ ಮಾಡೋ ಮೊದಲೇ ಎತ್ತಿಟ್ಟುಕೊಂಡಿದ್ದೇನೆ.

ರವಿ ಚಿಕ್ಕಪ್ಪ: (ಫಾರ್ವರ್ಡ್, ಜೊತೆಗೆ ಆರು ಕೈಮುಗಿದ ಚಿತ್ರ) ಹಿರಿಯರ ಗುಟ್ಟು!! ಕಮ್ಮಾರರು ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲನ್ನು ಮರದ ಕೊರಡಿನ ಮೇಲೆ ಯಾಕೆ ಕೂರಿಸುತ್ತಿದ್ದರು ಗೊತ್ತೇ? ಮರ ಸುತ್ತಿಗೆ ಏಟನ್ನು ಎರಡರಷ್ಟು ಮಾಡಿ ವಾಪಸ್ ಕೊಡುತ್ತದೆ! ವಿದೇಶಿಯರೂ ಒಪ್ಪಿದ್ದಾರೆ! 10 ಜನಕ್ಕೆ ಕಳಿಸಿ!

ರವಿ ಚಿಕ್ಕಪ್ಪ: ಕಿರಣ, ನಿನಗೇ ಅಂತ ಹಾಕಿದ್ದು ಕಣೋ

ಕಿರಣ: ಥ್ಯಾಂಕ್ಸ್ ಚಿಕ್ಕಪ್ಪ. ಗುಜರಿಯಲ್ಲಿ 40 ಕೆಜಿ ಅಡಿಗಲ್ಲು ಸಿಕ್ಕಿದೆ. ಕೂರಿಸೋಕೆ ಬೊಡ್ಡೆ ಬೇಕು. ಯಾರ ಹತ್ತಿರ ಆದರೂ ಇದೆಯಾ?

ಸುಮಕ್ಕ: ಯಾವ ವಿದೇಶಿಯರು, ಎಲ್ಲಿ ಒಪ್ಪಿದ್ದು? ಎರಡರಷ್ಟು ಮಾಡಿ ವಾಪಸ್ ಕೊಡೋಕೆ ಮರ ಏನು ಚಿಕ್ಕಪ್ಪ ದುಡ್ಡು ಹಾಕಿದ ಚೀಟಿ ಕಂಪನಿನಾ? ಹೊಡೆದಷ್ಟೇ ಏಟು. ಅಡಿಗಲ್ಲು ಕುಣಿಯದ ಹಾಗೆ ಮರ ಹಿಡಿದುಕೊಳ್ಳುತ್ತೆ, ಠಣ್ ಅನ್ನೋ ಸದ್ದು ಸ್ವಲ್ಪ ನುಂಗುತ್ತೆ, ಅಷ್ಟೇ.

ರವಿ ಚಿಕ್ಕಪ್ಪ: ಚೀಟಿ ವಿಷಯ ಇಲ್ಲಿ ಯಾಕೆ ಬಂತು?

ದೊಡ್ಡಪ್ಪ: ಸುಮಾ, ಹಿರಿಯರ ಜೊತೆ ಹೀಗಾ ಮಾತಾಡೋದು. ಆಯುಧಪೂಜೆ ದಿನ ಅಡಿಗಲ್ಲಿಗೆ ಕುಂಕುಮ ಇಟ್ಟು ಕೈಮುಗಿಯುತ್ತಿದ್ದ ಊರು ನಮ್ಮದು. ಈಗಿನವರಿಗೆ ಎಲ್ಲದಕ್ಕೂ ಪುರಾವೆ ಬೇಕು.

ಪ್ರಕಾಶಣ್ಣ (ದುಬೈ): ಅಯ್ಯೋ ಆ ಕುಲುಮೆ ನೆನಪು ಮಾಡಬೇಡಿ ದೊಡ್ಡಪ್ಪ, ಬೇಸಿಗೆ ರಜೆಯಲ್ಲಿ ನನ್ನನ್ನು ತಿದಿ ಒತ್ತೋಕೆ ಕೂರಿಸುತ್ತಿದ್ದರು, ಕೆಂಪಗೆ ಕಾದ ನೇಗಿಲ ಕುಡ ನೀರಿಗೆ ಅದ್ದಿದರೆ ಚುಂಯ್ ಅನ್ನೋದು, ಕೊರಡಿನ ಮುಕ್ಕಾಲು ಭಾಗ ನೆಲದೊಳಗೇ ಹೂತಿತ್ತು, ಅಜ್ಜ ಕುಕ್ಕರಗಾಲಲ್ಲಿ ಕೂತೇ ಬಡಿಯೋದು, ಆಮೇಲೆ ನಾವು ಹುಣಸೆಕಾಯಿಗೆ ಉಪ್ಪು ಹಚ್ಚಿಕೊಂಡು...

ಕಿರಣ: ನನ್ನದು ಬಾಡಿಗೆ ಶೆಡ್ಡು ಅಣ್ಣ, ಸಿಮೆಂಟ್ ನೆಲ ಅಗೆಯೋ ಹಾಗಿಲ್ಲ. ನಿಂತೇ ಹೊಡೆಯಬೇಕು. ಕೈ ಇಳಿಬಿಟ್ಟು ಮುಷ್ಟಿ ಹಿಡಿದರೆ ಬೆರಳ ಗೆಣ್ಣು ಎಲ್ಲಿಗೆ ಬರುತ್ತೋ ಅಡಿಗಲ್ಲಿನ ತಲೆ ಅಲ್ಲಿರಬೇಕು. ನನಗೆ 30 ಇಂಚು, ಅಡಿಗಲ್ಲೇ 8, ಬೊಡ್ಡೆ 22. ಚೆನ್ನಾಗಿ ಒಣಗಿರಬೇಕು. ಹಸಿ ಮರ ಒಣಗುತ್ತಾ ಸೀಳು ಬಿಡುತ್ತೆ, ಹೊಡೆದ ಮೊಳೆ ಸಡಿಲ ಆಗುತ್ತೆ.

ರವಿ ಚಿಕ್ಕಪ್ಪ: ಹಳೇ ರೈಲ್ವೆ ಸ್ಲೀಪರ್, ಅದೇ ಹಳಿ ಕೆಳಗಿನ ಮರದ ದಿಮ್ಮಿ, ತಂದು ನಾಲ್ಕು ತುಂಡು ಮಾಡಿ, ನೆಟ್ಟಗೆ ನಿಲ್ಲಿಸಿ, ಸುತ್ತ ಕಬ್ಬಿಣದ ಪಟ್ಟಿ ಹಾಕಿ ಬಿಗಿದುಬಿಡು.

ಸುಮಕ್ಕ: ಬಿಲ್ ಕೇಳಿ ತಗೋ ಕಿರಣ. ಕದ್ದ ರೈಲ್ವೆ ಮಾಲಾದರೆ ಇಟ್ಟುಕೊಂಡವನ ಮೇಲೂ ಕೇಸು, 1966ರ ಕಾಯ್ದೆನೇ ಇದೆ.

ರವಿ ಚಿಕ್ಕಪ್ಪ: ನಾನು ಏನು ಹೇಳಿದರೂ ತಪ್ಪು.

(ಸ್ಲೀಪರ್ ಐಡಿಯಾ ನಿಜಕ್ಕೂ ಚೆನ್ನಾಗಿತ್ತು. ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.)

ಕಮಲತ್ತೆ: ಮಾಂಸದಂಗಡಿಯವರು ಹುಣಸೆ ಕೊರಡೇ ಯಾಕೆ ಇಟ್ಟುಕೊಳ್ಳೋದು? ಅಷ್ಟು ಗಟ್ಟಿ. ಮನೆ ಮುಂದೆ ಚಿನ್ನದಂಥ ಮರ ಇತ್ತು, ಇಟ್ಟಿಗೆ ಗೂಡಿಗೆ ಮಾರಿದರು. ಯಾರು ಅಂತ ಹೇಳಲ್ಲ.

ದೊಡ್ಡಪ್ಪ: ಮರ ಒಳಗೆ ಟೊಳ್ಳಾಗಿತ್ತು. ಮನೆ ಮೇಲೆ ಬೀಳೋದರಲ್ಲಿತ್ತು.

ಕಮಲತ್ತೆ: ಟೊಳ್ಳು ಮರ ಎರಡು ಟ್ರ್ಯಾಕ್ಟರ್ ಹೇಗೆ ತುಂಬಿತು ಅಣ್ಣ?

ರವಿ ಚಿಕ್ಕಪ್ಪ: ಎರಡಾ? ನನಗೆ ಒಂದು ಅಂದಿದ್ದರು!

ಪ್ರಕಾಶಣ್ಣ (ದುಬೈ): ಆ ಮರದ ಜೋಕಾಲಿ ಫೋಟೋ ಯಾರ ಹತ್ತಿರ ಆದರೂ ಇದೆಯಾ

ಕಿರಣ: ಬೊಡ್ಡೆ ಯಾರ ಹತ್ತಿರ ಆದರೂ ಇದೆಯಾ

ಕಮಲತ್ತೆ: (ಫೋಟೋ) ಒಂದು ತುಂಡು ಆವತ್ತೇ ಎತ್ತಿಸಿಕೊಂಡು ಬಂದಿದ್ದೆ. ಹಿತ್ತಲಲ್ಲಿದೆ. 14 ವರ್ಷ ಒಣಗಿದೆ.

ದೊಡ್ಡಪ್ಪ: ಓಹೋ! ಒಂದು ತುಂಡು ಕಮ್ಮಿ ಅಂತ ಗೂಡಿನವನು ದುಡ್ಡು ಹಿಡಿದುಕೊಂಡಿದ್ದು ಇದಕ್ಕಾ? ಅವನ ಜೊತೆ ಬೀದಿಯಲ್ಲಿ ಜಗಳ ಆಡಿದವನು ನಾನು ಕಮಲಾ!

ಸುಮಕ್ಕ: ಈಗ ಬಂತು ನೋಡಿ ಪುರಾವೆ 😂

ಕಿರಣ: ಅತ್ತೆ, ಮೇಲೆ ಬುಟ್ಟಿ ಇದೆ, ಏನೂ ಕಾಣುತ್ತಿಲ್ಲ. ನಡುವೆ ಗಟ್ಟಿ ಇದೆಯಾ, ಟೊಳ್ಳಾ?

ಐದು ನಿಮಿಷ ಗ್ರೂಪಲ್ಲಿ ಯಾರದೂ ಸದ್ದಿಲ್ಲ. ದೊಡ್ಡಪ್ಪ ಆನ್‌ಲೈನ್, ಅತ್ತೆ ಆನ್‌ಲೈನ್.

ಕಮಲತ್ತೆ: ಬುಟ್ಟಿಯಲ್ಲಿ ಕೋಳಿ ಕಾವಿಗೆ ಕೂತಿದೆ ಕಣೋ. 21 ದಿನ ಆಗಲಿ, ಎಬ್ಬಿಸಿ ನೋಡುತ್ತೇನೆ.