ಪದಚರ್ಚೆ: ‘ಆರೈಕೆಯ ಪಾಲುದಾರರು’ ಎನ್ನಬಹುದೇ?

ಬಳಗದವರಿಗೆ ನಮಸ್ಕಾರ.

ಸಕ್ಕರೆ ಕಾಯಿಲೆಯವರು ಬಳಸುವ ಒಂದು ಮೊಬೈಲ್ ಆ್ಯಪಿನ ಕನ್ನಡವನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ತೋಳಿನ ಹಿಂಬದಿಗೆ ಅಂಟಿಸಿಕೊಂಡ ಸೆನ್ಸರ್, ಚರ್ಮದಡಿಯ ದ್ರವದಲ್ಲಿರುವ ಗ್ಲೂಕೋಸನ್ನು ಕೆಲವು ನಿಮಿಷಗಳಿಗೊಮ್ಮೆ ಅಳೆದು ಫೋನಿಗೆ ಕಳಿಸುತ್ತದೆ. ಅದೇ ಏರಿಳಿತದ ಗೆರೆಯನ್ನು ವೈದ್ಯರೂ ತಮ್ಮ ಕಂಪ್ಯೂಟರಿನಲ್ಲಿ ನೋಡುತ್ತಾರೆ. ನನಗಿಂತ ಮೊದಲು ಅನುವಾದಿಸಿದವರು ಮೊದಲ ಪರದೆಯಲ್ಲಿ ಹೀಗೆ ಬರೆದಿದ್ದಾರೆ: ‘ಇನ್ನು ಮುಂದೆ ನೀವು ಬರೀ ರೋಗಿಯಲ್ಲ, ಆರೈಕೆಯ ಪಾಲುದಾರರು.’

ನಮ್ಮ ಅತ್ತೆಯವರ ತೋಳಿನಲ್ಲೂ ಇಂಥದೊಂದಿದೆ. ಅವರು ಅದನ್ನು ‘ಬಿಲ್ಲೆ’ ಎನ್ನುತ್ತಾರೆ. ಆ ಪದವನ್ನು ಮರುಮಾತಿಲ್ಲದೆ ಎತ್ತಿಕೊಂಡೆ. ಮೇಲಿನ ವಾಕ್ಯವನ್ನು ಓದಿ ಹೇಳಿದಾಗ ಮಾತ್ರ ‘ಡಾಕ್ಟರ ಜೊತೆ ನಾನು ಯಾವ ಅಂಗಡಿ ಇಟ್ಟಿದ್ದೇನೆ?’ ಎಂದು ಕೇಳಿದರು. ತಪ್ಪೇನಿಲ್ಲ, ಪಾಲುದಾರಿಕೆ ಎಂದ ಕೂಡಲೇ ನೆನಪಾಗುವುದು ಬಂಡವಾಳ, ಲಾಭ, ನಷ್ಟ. ‘ಸಹಭಾಗಿ’ಗೆ ಸರ್ಕಾರಿ ಸುತ್ತೋಲೆಯ ವಾಸನೆ. ‘ಜೊತೆಗಾರ’ ಎಂದರೆ ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿರುವವರು ಎಂದುಕೊಂಡಾರು.

ಹಳೆಯ ಪದವೇನಾದರೂ ಸಿಕ್ಕೀತೆಂದು ಚರಕಸಂಹಿತೆ ತೆರೆದೆ. ಸೂತ್ರಸ್ಥಾನದ 9ನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ಔಷಧ, ಉಪಚಾರಕ, ರೋಗಿ. ಮಂಚದ ಮೇಲೆ ಮಲಗಿದವನೇ ಮಂಚದ ಒಂದು ಕಾಲೂ ಹೌದು! ರೋಗಿಗೆ ಅಲ್ಲಿ ‘ಆತುರ’ ಎಂಬ ಪದವಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ನಾಡಿನಲ್ಲಿ ಅದು ನಡೆಯದು. ಆತುರನ ಗುಣಗಳೂ ನಾಲ್ಕು: ಸ್ಮೃತಿ, ನಿರ್ದೇಶಕಾರಿತ್ವ (ಹೇಳಿದಂತೆ ನಡೆಯುವುದು), ಅಭೀರುತ್ವ (ಅಂಜದಿರುವುದು), ಜ್ಞಾಪಕತ್ವ. ಕೊನೆಯದನ್ನು ಕನ್ನಡಿಗರು ನೆನಪಿನ ಶಕ್ತಿ ಎಂದು ಓದಿಬಿಡುತ್ತೇವೆ, ಆದರೆ ನೆನಪು ಸ್ಮೃತಿಯಲ್ಲೇ ಬಂದಾಯಿತು. ಜ್ಞಾಪಕತ್ವವೆಂದರೆ ತನ್ನ ಕಾಯಿಲೆಯನ್ನು ತಿಳಿಯಪಡಿಸುವ ಶಕ್ತಿ. ಬಿಲ್ಲೆ ಮಾಡುವುದೂ ಅದನ್ನೇ, ಅರೆಬರೆಯಾಗಿ. ಮೊನ್ನೆ ಮಧ್ಯಾಹ್ನ ಗೆರೆ ಏಕೆ ಏರಿತೆಂದು ಅದಕ್ಕೇನು ಗೊತ್ತು? ಮದುವೆಮನೆಯಲ್ಲಿ ಎರಡು ಹೋಳಿಗೆ ತಿಂದದ್ದನ್ನು ಅತ್ತೆಯವರೇ ಹೇಳಬೇಕು. (ಮೂರು ಎಂದು ನನ್ನ ಲೆಕ್ಕ.)

ಆಮೇಲೆ ಹೊಳೆಯಿತು. ‘ಡಾಕ್ಟರಿಗೆ ತೋರಿಸಿದಿರಾ?’, ‘ತೋರಿಸಿಕೊಂಡು ಬಂದೆ’ ಎಂದೇ ಅಲ್ಲವೇ ನಮ್ಮ ಮಾತು? ವೈದ್ಯರು ನೋಡುವುದಕ್ಕೆ ಮೊದಲು ಕಾಯಿಲೆಯವರು ತೋರಿಸುತ್ತಾರೆ, ಕರ್ತೃಪದ ಅವರದೇ. ಹಾಗಾದರೆ ನಾಮಪದದ ಗೊಡವೆ ಬಿಟ್ಟು ‘ನೀವು ತೋರಿಸಿ, ವೈದ್ಯರು ನೋಡಲಿ, ಮುಂದಿನದನ್ನು ಇಬ್ಬರೂ ಕೂಡಿ ತೀರ್ಮಾನಿಸಿ’ ಎಂದು ಬರೆದರೆ ಸಾಲದೇ? ‘ಡೇಟಾ ಹಂಚಿಕೊಳ್ಳಿ’ ಎಂಬ ಗುಂಡಿಗೂ ‘ವೈದ್ಯರಿಗೆ ತೋರಿಸಿ’ ಎಂದೇ ಹಾಕುವ ಮನಸ್ಸಿದೆ.

ಒಂದು ತೊಡಕಿದೆ. ತೋರಿಸಿದ ವಸ್ತು ನಮ್ಮ ಕೈಯಲ್ಲೇ ಉಳಿಯುತ್ತದೆ, ಆದರೆ ಈ ಅಂಕಿಗಳು ವೈದ್ಯರಲ್ಲಿಯೂ ಉಳಿಯುತ್ತವೆ. ಕೇಂದ್ರ ಸರ್ಕಾರದ 2020ರ ಟೆಲಿಮೆಡಿಸಿನ್ (ದೂರದಿಂದಲೇ ವೈದ್ಯರ ಸಲಹೆ) ಮಾರ್ಗಸೂಚಿಯಲ್ಲಿ, ಸಮಾಲೋಚನೆಯನ್ನು ರೋಗಿಯೇ ಆರಂಭಿಸಿದರೆ ಒಪ್ಪಿಗೆ ಇದೆಯೆಂದೇ ಲೆಕ್ಕ. ಹಗಲಿರುಳೂ ತಾನಾಗಿ ಹರಿದುಹೋಗುವ ಅಂಕಿಗಳಿಗೆ ಅಷ್ಟು ಸಾಲದು, ಒಪ್ಪಿಗೆಯ ಪರದೆ ಬೇರೆಯೇ ಇದೆ. ಅಲ್ಲಿ ‘ತೋರಿಸಿ’ ಎಂದರೆ ಅರ್ಧ ಸುಳ್ಳಾಗುತ್ತದೆ.

ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ದಯವಿಟ್ಟು ತಿಳಿಸಿ: ಈ ಅರ್ಥದಲ್ಲಿ ‘ತೋರಿಸು’ ನಿಮ್ಮಲ್ಲಿಯೂ ಬಳಕೆಯಲ್ಲಿದೆಯೇ? ಒಪ್ಪಿಗೆಯ ಪರದೆಗೆ ‘ಕೊಡಿ’ ಎನ್ನಲೇ? ‘ಒಪ್ಪಿಸಿ’ ಎಂದು ಬರೆದು ನೋಡಿದೆ. ಮೇಷ್ಟರ ಮುಂದೆ ಮಗ್ಗಿ ಒಪ್ಪಿಸಿದಂತೆ ಕೇಳಿಸಿತು.